ಹೆಸರು ಹೇಳದೆ ನೋಡಿದ ಹಂಪಿ

ಗಂಗಾವತಿಯ ಗಂಜಿನಲ್ಲಿ, ಅಲ್ಲಿಯ ಕಾಳುಕಡಿ ಮಾರುಕಟ್ಟೆಯಲ್ಲಿ, ಶೇಂಗಾ ವ್ಯಾಪಾರ ಮಾಡಿಕೊಂಡಿದ್ದ ನಂದೆಪ್ಪನವರ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಕಾರ್ತಿಕ ಮಾಸದಲ್ಲಿ ಒಂದು ಶುಕ್ರವಾರ ಮನೆಯ ಗಂಡಸರು ಬಂಡಿ ಕಟ್ಟಿಸಿಕೊಂಡು ಹಳೆಯ ಊರು ನೋಡಲು ಹೋಗುತ್ತಿದ್ದರು. ನಿಜಾಮರ ರಾಜ್ಯದಲ್ಲಿ ಶುಕ್ರವಾರ ಕಚೇರಿಗಳಿಗೆ ಸೂಟಿ. ಗಂಜಿನಲ್ಲೂ ಆ ದಿನ ನೊಣ ಹೊಡೆಯುವುದೇ ಕೆಲಸ. ಒಂದು ವರ್ಷ ಆನೆಗೊಂದಿ, ಒಂದು ವರ್ಷ ಕನಕಗಿರಿ, ಮನಸ್ಸು ಬಂದರೆ ಹೊಳೆ ದಾಟಿ ಹಂಪಿ. ಕೋಳಿ ಕೂಗುವಾಗ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಈ ಸವಾರಿಯಲ್ಲಿ ಹೆಂಗಸರಿಗಿದ್ದ ಕೆಲಸ ಬುತ್ತಿ ಕಟ್ಟುವುದು. ಹಿಂದಿನ ದಿನವೆಲ್ಲ ಸಜ್ಜೆ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಶೇಂಗಾ ಹೋಳಿಗೆ ಬೇಯಿಸಿ, ಮೊಸರನ್ನ ಕಲಸಿ ಕಟ್ಟಿಕೊಟ್ಟರೆ ಅವರ ಹಂಪಿ ಮುಗಿಯಿತು. ಸಂಜೆ ಬಂದ ಗಂಡಸರು ಖಾಲಿ ಡಬ್ಬಿ ಕೆಳಗಿಟ್ಟು, "ಏನ್ ಕಲ್ಲು, ಏನ್ ಕೆತ್ತನಿ!" ಎನ್ನುತ್ತ ಕಾಲು ಚಾಚುತ್ತಿದ್ದರು. ಹೆಂಗಸರು ಡಬ್ಬಿ ತಿಕ್ಕುತ್ತಿದ್ದರು.

ಈ ಪದ್ಧತಿಗೆ ಕೈ ಹಾಕಿದವಳು ಸೊಸೆ ಪಂಪಾವತಿ. ಕುಕನೂರಿನ ಹೆಣ್ಣು. ನಂದೆಪ್ಪನವರ ಒಬ್ಬನೇ ಮಗ ದೊಡ್ಡಬಸಪ್ಪನನ್ನು ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಬಾಯಿ ಸ್ವಲ್ಪ ಜೋರು, ಕಾಲು ಅದಕ್ಕಿಂತ ಜೋರು. ತವರಿನಲ್ಲಿ ಅಪ್ಪನ ಹಿಂದೆ ಸಂತೆ, ಹೊಲ, ತೋಟ ಎಂದು ತಿರುಗಿ ಬೆಳೆದವಳಿಗೆ ಗಂಗಾವತಿಯ ಮನೆಯಲ್ಲಿ ಪಡಸಾಲೆಯಿಂದ ಹಿತ್ತಲಿಗೆ ಹೋಗುವುದೇ ದೊಡ್ಡ ಪ್ರಯಾಣವಾಗಿತ್ತು. ಆ ವರ್ಷ ಹಂಪಿಯ ಮಾತು ಎದ್ದ ಕೂಡಲೆ ಅವಳು ಅಡುಗೆಮನೆಯ ಬಾಗಿಲ ಮರೆಗೆ ನಿಂತು, ಅತ್ತೆಗೆ ಹೇಳುವಂತೆ, ಮಾವನಿಗೆ ಕೇಳುವಂತೆ ಒಂದು ಮಾತು ಬಿಟ್ಟಳು.

"ಅತ್ತಿ, ಬುತ್ತಿ ಕಟ್ಟೋ ಕೈ ಇದ್ದೋರಿಗೆ ಕಾಲೂ ಇರ್ತಾವಲ್ರಿ?"

ಅತ್ತೆ ಶೇಖರಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಂದೆಪ್ಪನವರಿಗೆ ನಗು ಬಂದು ಅಡಿಕೆ ಗಂಟಲಿಗೆ ಸಿಕ್ಕಿತು. ದೊಡ್ಡಬಸಪ್ಪನಿಗೆ ಮಾತ್ರ ನಗು ಬರಲಿಲ್ಲ. ಹಂಪಿಯೆಂದರೆ ತನ್ನ ಹಿತ್ತಲು ಎನ್ನುವಂತೆ ಮಾತಾಡುವವನು ಅವನು. ಯಾವ ಕಂಬಕ್ಕೆ ಎಲ್ಲಿ ಬಡಿದರೆ ಯಾವ ನಾದ ಬರುತ್ತದೆಂದು ಗಂಜಿನವರಿಗೆಲ್ಲ ಹೇಳಿ ಹೇಳಿ ಅವರ ಕಿವಿ ಸವೆಸಿದ್ದ.

"ಹೆಂಗಸರನ್ನ ಕಟಗೊಂಡು ಹೋದ್ರ ಊರು ನೋಡಿದಂಗ ಆತು ಬಿಡು," ಎಂದ. "ಒಬ್ಬಾಕಿಗೆ ನೀರಡಿಕಿ, ಒಬ್ಬಾಕಿಗೆ ಮೊಣಕಾಲು. ಇರೋದು ಒಂದ ದಿನ."

"ಬರ್ಲಿ ಬಿಡೋ ಒಂದ ಸಲ. ನಿಮ್ಮವ್ವನೂ ಹೊಳಿ ದಾಟಿಲ್ಲ," ಎಂದರು ನಂದೆಪ್ಪ.

"ಕರಕೊಂಡು ಹೋಗ್ತೀನಿ. ಆದ್ರ ಏನರ ಒಂದ ಅಡಚಣಿ ಆತಂದ್ರ, ಇದ ಮೊದಲು, ಇದ ಕಡೀ. ಮುಂದ ಯಾರೂ ನನಗ ಹಂಪಿ ಅನಬಾರದು."

ಈ ಕರಾರು ಓಣಿಯ ಹೆಂಗಸರಿಗೆಲ್ಲ ಬಾವಿಕಟ್ಟೆಯ ಮೇಲೆ ಗೊತ್ತಾಯಿತು. ಅವರ ಮನೆಗಳಲ್ಲೂ ಗಂಡಸರೇ ಊರು ನೋಡುವವರು. "ಪಂಪವ್ವಾ, ನೀ ಸುಸೂತ್ರ ಹೋಗಿ ಬಂದ್ರ ನಮ್ಮ ಮನ್ಯಾಗೂ ಬಾಯಿ ತೆಗೀಬೋದವ್ವಾ," ಎಂದು ಒಬ್ಬಳು ಕೈ ಹಿಡಿದೇ ಹೇಳಿದಳು. ಹೀಗಾಗಿ ಪಂಪಾವತಿ ಬಂಡಿ ಹತ್ತಿದಾಗ ಬುತ್ತಿಯ ಜತೆಗೆ ಇಡೀ ಓಣಿಯ ಭಾರ ಅವಳ ಮಡಿಲಲ್ಲಿತ್ತು.

ಬಂಡಿಗೆ ಪರದೆ ಕಟ್ಟಿ ಹೊಡೆದವನು ಮನೆಯ ಆಳು ಗ್ಯಾನಪ್ಪ; ಸಂಜೆಯವರೆಗೆ ಅವನು ಬಂಡಿಯ ಜತೆ ಆನೆಗೊಂದಿಯಲ್ಲೇ ಉಳಿಯುವವನು. ಆನೆಗೊಂದಿ ಮುಟ್ಟುವಷ್ಟರಲ್ಲಿ ಸೂರ್ಯ ಬಂಡೆಗಳ ಮೇಲೆ ಬಂದಿದ್ದ. ಹೊಳೆಯ ಈಚೆ ನಿಜಾಮರ ಸೀಮೆ, ಆಚೆ ಇಂಗ್ಲಿಷರ ಸೀಮೆ. ನಡುವೆ ನಾಕಾ, ಗಡಿಯ ಕಾವಲು ಚೌಕಿ. ಅಲ್ಲಿ ಕೂತಿದ್ದ ಮದಾರಸಾಬ ಹೋಗಿಬರುವವರ ಹೆಸರು ಕೇಳಿ ಬಿಡುತ್ತಿದ್ದ. ಗಂಡಸರು ಹರಿಗೋಲು ಗೊತ್ತು ಮಾಡಲು ಕೆಳಗಿಳಿದಿದ್ದರು.

"ಗಂಡನ ಹೆಸರೇನಮ್ಮಾ?" ಎಂದು ಪಂಪಾವತಿಯನ್ನು ಕೇಳಿದ.

ಪಂಪಾವತಿ ಸೆರಗು ಎಳೆದುಕೊಂಡು ಹೊಳೆಯ ಕಡೆ ನೋಡಿದಳು. ಗಂಡನ ಹೆಸರು ಬಾಯಿಂದ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳಿಗೆ ಹಾಲು ಕುಡಿಯುವಾಗಿನಿಂದ ಬಂದ ತಿಳಿವಳಿಕೆ. ಶೇಖರಮ್ಮ ಮಗನ ಹೆಸರು ಹೇಳಿ ಪಾರು ಮಾಡಿದಳು. ಮುಂದೆ ಶೇಖರಮ್ಮನ ಸರದಿ. ಅವಳೂ ಹೊಳೆಯ ಕಡೆ ನೋಡಿದಳು. ಸೊಸೆಯಾದರೂ ಹೇಳಲೆಂದರೆ ಮಾವನ ಹೆಸರು ಸೊಸೆ ಹೇಳುವಂತಿಲ್ಲ. ಅತ್ತೆ ಸೊಸೆ ಇಬ್ಬರೂ ಹೊಳೆ ನೋಡುತ್ತ ನಿಂತೇ ಇದ್ದರು. ಮದಾರಸಾಬನಿಗೂ ಮನೆಯಲ್ಲಿ ಹೆಂಡತಿಯಿದ್ದಳು. ಅವಳೂ ಅವನನ್ನು ಮಗಳ ಹೆಸರು ಹಿಡಿದೇ ಕರೆಯುತ್ತಿದ್ದಳು. "ಹೋಗ್ರಿ, ಹೋಗ್ರಿ. ನಿಮ್ಮ ಯಜಮಾನ್ರು ಈ ಹೊಳಿ ಮಾಲಕರು ಅಂತ ತಿಳಕೋತೀನಿ," ಎಂದು ನಕ್ಕು ಬಿಟ್ಟ.

ಹರಿಗೋಲಿನಲ್ಲಿ ದೊಡ್ಡಬಸಪ್ಪ ಎದ್ದು ನಿಲ್ಲಲು ಹೋಗಿ, ಅಂಬಿಗನ ಕೈಲಿ ಬೈಸಿಕೊಂಡು, ಕೂತುಕೊಂಡೇ ಕಟ್ಟಳೆ ಹೇಳಿದ.

"ಎಲ್ಲಾರೂ ಕಿವಿಗೊಟ್ಟು ಕೇಳ್ರಿ. ಹಂಪಿ ಭಾಳ ದೊಡ್ಡದೈತಿ. ಯಾರರ ತಪ್ಪಿಸಿಕೊಂಡ್ರ ಗಾಬರಿ ಬೀಳಬ್ಯಾಡ್ರಿ, ನಿಂತಲ್ಲೇ ನಿಂದ್ರಬ್ಯಾಡ್ರಿ. ಎದುರು ಬಸವಣ್ಣ ಎಲ್ಲಿ ಅಂತ ಕೇಳ್ರಿ, ಕುರುಡನೂ ತೋರಸ್ತಾನ. ಅಲ್ಲಿಗೆ ಬಂದ ಬಿಡ್ರಿ. ಬುತ್ತಿ ಬಿಚ್ಚೋದೂ ಅಲ್ಲೇ, ಹೊಳಿ ದಾರಿ ಹಿಡಿಯೋದೂ ಅಲ್ಲಿಂದನ. ಹೊತ್ತು ಮುಳುಗಿದ ಮ್ಯಾಲೆ ಹರಿಗೋಲು ಹಾಕಂಗಿಲ್ಲ, ನೆನಪಿರಲಿ."

ಹಂಪಿಯಲ್ಲಿ ಸಾವಿರ ಕಲ್ಲುಗಳಿವೆ, ಸಾವಿರ ಹೆಸರುಗಳಿವೆ. ಪುಣ್ಯಾತ್ಮ ಹುಡುಕಿ ಹುಡುಕಿ ಹೆಂಡತಿ ಬಾಯಿಬಿಟ್ಟು ಹೇಳಲಾಗದ ಹೆಸರನ್ನೇ ಆರಿಸಿದ್ದ. ದೊಡ್ಡಬಸಪ್ಪನ ಹೆಂಡತಿ ಬಸವಣ್ಣ ಎನ್ನುವುದು ಹೇಗೆ? ಮನೆಯಲ್ಲಿ ಬಸವನ ಹುಳ ಕಂಡರೂ ಅವಳು 'ಚಿಪ್ಪಿನ ಹುಳ' ಎನ್ನುತ್ತಿದ್ದಳು. ನಂದಿ ಎನ್ನೋಣವೆಂದರೆ ಮಾವ ನಂದೆಪ್ಪ. ಆದರೆ ಆಗ ಆ ಯೋಚನೆ ಯಾರಿಗೂ ಬರಲಿಲ್ಲ, ಪಂಪಾವತಿಗೂ ಬರಲಿಲ್ಲ. ಅವಳು ಹರಿಗೋಲು ಗಿರ್ರನೆ ತಿರುಗುವುದನ್ನು ನೋಡುತ್ತ ಸಣ್ಣ ಹುಡುಗಿಯಂತೆ ನಗುತ್ತಿದ್ದಳು.

ಆಚೆ ದಡದಲ್ಲಿ ಗುಡಿಯವರೆಗಿನ ಬಾಡಿಗೆಗೆ ಒಂದು ಕೊಲ್ಲಾರಿ ಬಂಡಿ ಸಿಕ್ಕಿತು. ಮೇಲೆ ಚಾಪೆಯ ಕಮಾನು, ಹಿಂದೆ ಮುಂದೆ ಪರದೆ. ಗಂಡಸರು ಮುಂದೆ ಕೂತು ಹಾಳು ಕೋಟೆ, ಗುಡಿ, ಗೋಪುರ ನೋಡುತ್ತ ಬಂದರು. ಪರದೆಯ ಒಳಗೆ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡುತ್ತ ಬಂದರು. ಕಮಲಾಪುರ ದಾಟಿ, ಅರಸರ ಊರೆಲ್ಲ ದಾಟಿ, ಬಂಡಿ ವಿರೂಪಾಕ್ಷನ ಗುಡಿಯ ಮುಂದೆ ನಿಂತಾಗ ಪಂಪಾವತಿ ಹಂಪಿಯಲ್ಲಿ ಕಂಡದ್ದು ಚಾಪೆಯ ಹೆಣಿಗೆ ಮಾತ್ರ.

ದರ್ಶನ ಚೆನ್ನಾಗಿ ಆಯಿತು. ಆಮೇಲೆ ದೊಡ್ಡಬಸಪ್ಪ ಎಲ್ಲರನ್ನೂ ಗುಡಿಯ ಹಿಂಭಾಗದ ಒಂದು ಕತ್ತಲೆ ಕೋಣೆಗೆ ಕರೆದೊಯ್ದು, ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ತೋರಿಸಿದ. ತೋರಿಸಿ, "ನಡೀರಿ, ನಡೀರಿ, ಹೊತ್ತಾತು," ಎಂದು ಹೊರಟೇಬಿಟ್ಟ. ಮುಂದೆ ಗಂಡಸರು, ಹಿಂದೆ ಹೆಂಗಸರು. ಮುಂದಿನವರು ತಿರುಗಿ ನೋಡುವ ರೂಢಿಯಿಲ್ಲ. ಶೇಖರಮ್ಮ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲಷ್ಟನ್ನೇ ನೋಡುತ್ತ ನಡೆದಳು. ಪಂಪಾವತಿ ಗೋಡೆಯ ಮುಂದೆ ನಿಂತಳು. ಅಷ್ಟು ಎತ್ತರದ ಗೋಪುರ, ಅಷ್ಟು ಚಿಕ್ಕದಾಗಿ, ತಲೆ ಕೆಳಗೆ ಕಾಲು ಮೇಲೆ! ಮುಟ್ಟಿದರೆ ಗೋಡೆ ತಣ್ಣಗಿತ್ತು. ಕೈ ಅಡ್ಡ ಇಟ್ಟರೆ ಗೋಪುರ ಅಂಗೈ ಮೇಲೆ ಬಂತು. ಅವಳು ಅದನ್ನು ಅಂಗೈಯಿಂದ ಅಂಗೈಗೆ ಹಾಕಿಕೊಂಡು ಆಡಿದಳು. ತಿರುಗಿ ನೋಡಿದರೆ ಕೋಣೆಯಲ್ಲಿ ತಾನೊಬ್ಬಳೇ.

ಸರಸರ ಹೊರಗೆ ಬಂದಳು. ಬಂದ ಬಾಗಿಲು ಬಿಟ್ಟು ಬೇರೆ ಬಾಗಿಲಿಗೆ ಬಂದಿದ್ದಳು. ಎದುರು ಎಂದ ಮೇಲೆ ಗುಡಿಯ ಎದುರಿಗೇ ಇರಬೇಕಲ್ಲ ಎಂದು ನೋಡಿದರೆ ಎದುರಿಗೆ ಒಂದು ಹೊಂಡ, ಅದರಾಚೆ ಹೊಳೆ. ಅಲ್ಲಿ ಹೂ ಮಾರುತ್ತಿದ್ದ ಮುದುಕನನ್ನು ಕೇಳಲು ಬಾಯಿ ತೆರೆದಳು. "ಯಜಮಾನ್ರ, ಎದುರು..." ಎಂದವಳು ಅಲ್ಲಿಗೇ ನಿಂತಳು.

"ಯಾರ ಎದುರವ್ವಾ?"

"ಅಲ್ರಿ... ಎದುರಿಗೆ ಇರ್ತಾರಲ್ರಿ, ಅವರು."

"ಎದುರಿಗೆ ನಾನ ಅದೀನಿ."

ಪಂಪಾವತಿಗೆ ಅಳು ನಗು ಒಟ್ಟಿಗೇ ಬಂದವು. ಒಂದು ಸಲ ಹೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಮನಸ್ಸಿಗೆ ಬಂತು. ಆದರೆ ಗಂಡ ಬಡಾಯಿ ಕೊಚ್ಚಲಿ, ಸಿಡುಕಲಿ, ಅವನು ನೂರು ವರ್ಷ ಇರಬೇಕು. ಒಂದು ದಿನವೂ ಕಡಿಮೆ ಆಗಬಾರದು. ಬುದ್ಧಿ ಓಡಿಸಿದಳು.

"ಶಿವನ್ನ ಬೆನ್ನ ಮ್ಯಾಲೆ ಹೊತ್ತುಕೊಂಡು ತಿರಗತಾನಲ್ರಿ, ಆತ."

"ಹಂಗ ಹೇಳು ಮತ್ತ! ಒಳಗ ಐತಿ ಹೋಗು, ಮೂರು ತಲೀದು."

ಮತ್ತೆ ಒಳಗೆ ಹೋದಳು. ಬಾಗಿಲ ಬಳಿ ಮೂರು ತಲೆಯ ಬಸವಣ್ಣ ಕೂತಿದ್ದು ನಿಜ. ಮೂರು ತಲೆಗಳಲ್ಲಿ ಒಂದಕ್ಕೂ ಅವಳ ಮನೆಯವರು ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. ಕೈ ಮುಗಿದು, ಜನರ ಗುಂಪು ಹೋದತ್ತ ಹೋದಳು. ಆ ಗುಂಪು ಅವಳನ್ನು ಒಂದು ಬಂಡೆಗುಡ್ಡದ ಮೇಲೆ ಹತ್ತಿಸಿತು.

ಮೇಲೆ ಹತ್ತಿ ನಿಂತವಳಿಗೆ ತಾನು ಕಳೆದುಹೋದದ್ದು ಒಂದು ಗಳಿಗೆ ಮರೆತೇಹೋಯಿತು. ಕಣ್ಣು ಹಾಯುವವರೆಗೂ ಬಂಡೆ, ಬಂಡೆಯ ನಡುವೆ ಗೋಪುರ, ಬಾಳೆಯ ತೋಟ, ಬಿಸಿಲಿಗೆ ಮಿಂಚುವ ಹೊಳೆ. ಗಾಳಿಗೆ ಸೆರಗು ಜಾರಿದರೂ ಎಳೆದುಕೊ ಎನ್ನುವವರು ಯಾರೂ ಇಲ್ಲ. ಹುಟ್ಟಿದಾಗಿನಿಂದ ಅವಳು ಹೀಗೆ ಒಬ್ಬಳೇ ಎಲ್ಲೂ ನಿಂತಿರಲಿಲ್ಲ. ಬಹಳ ಸಂತೋಷವಾಯಿತು. ಹಿಂದೆಯೇ, ಇದೇ ಕಡೆಯ ಸಂತೋಷವಾಗಬಹುದು ಎಂದು ನೆನಪಾಗಿ ಸೆರಗು ತಾನೇ ಎಳೆದುಕೊಂಡಳು.

ಅಲ್ಲಿ ನೆರಳಿಗೆ ಕೂತಿದ್ದ ಒಂದು ದಂಪತಿಯನ್ನು ಕೇಳಿದಳು. ಈ ಸಲ ಗುರುತು ಹೇಳುವುದರಲ್ಲಿ ಕೊರತೆ ಮಾಡಲಿಲ್ಲ. "ಭಾಳ ದೊಡ್ಡಾತರಿ. ಒಂದ ಕಲ್ಲಿನ್ಯಾಗ ಕೆತ್ಯಾರ. ಕುಂತಾನ. ಮನಿ ಮಂದಿಗೆಲ್ಲ ಬೇಕಾದಾತ."

"ಓ, ಕಡಲೆಕಾಳು ಗಣಪ್ಪ! ಇಲ್ಲೇ ಕೆಳಗಿಳೀರಿ," ಎಂದ ಗಂಡ.

ಇಳಿದಳು. ದೊಡ್ಡಾತ ನಿಜ, ಒಂದೇ ಕಲ್ಲು ನಿಜ, ಕೂತದ್ದೂ ನಿಜ. ಆ ಹೊಟ್ಟೆ ನೋಡಿ ಪಂಪಾವತಿಗೆ ಗಂಜಿನ ಸಾಹುಕಾರರೊಬ್ಬರು ನೆನಪಾಗಿ ಕೆನ್ನೆ ಬಡಿದುಕೊಂಡಳು. ಅಲ್ಲಿದ್ದ ಪೂಜಾರಿಗೆ, "ಈತ ಅಲ್ರಿ, ಇನ್ನೊಬ್ಬಾತ. ಮಾರಿ ಮನಶ್ಯಾರಂಗಲ್ಲ," ಎಂದಳು. ಪೂಜಾರಿ ಕೈ ತೋರಿದ ಕಡೆ ನಡೆದರೆ ಉಗ್ರನರಸಿಂಹ ಕಣ್ಣು ಕಿಸಿದುಕೊಂಡು ಕೂತಿದ್ದ. ಮೊಣಕಾಲು ಮುರಿದುಕೊಂಡ ದೇವರನ್ನು ನೋಡಿ ಅತ್ತೆಯ ಮೊಣಕಾಲು ನೆನಪಾಯಿತು, ಪಾಪವೆನ್ನಿಸಿತು. ಪಕ್ಕದಲ್ಲೇ ನೀರಿನೊಳಗೆ ನಿಂತ ದೊಡ್ಡ ಲಿಂಗಕ್ಕೆ ನಮಸ್ಕರಿಸಿ, ಕೊನೆಗೆ ದೇವರ ಹಂಗೇ ಬೇಡವೆಂದು ದಾರಿಯಲ್ಲಿ ಬರುತ್ತಿದ್ದ ರೈತನೊಬ್ಬನಿಗೆ ಕೈ ಅಡ್ಡ ಹಿಡಿದಳು.

"ಅಣ್ಣಾ, ಎತ್ತು ನೋಡಿಯೇನು? ದೊಡ್ಡದು, ಒಂಟಿ."

ರೈತನ ಮುಖ ಸಪ್ಪಗಾಯಿತು. ರೈತನಿಗೆ ಎತ್ತು ಕಳೆಯುವುದಕ್ಕಿಂತ ದೊಡ್ಡ ಸಂಕಟವುಂಟೇ? "ಯಾವಾಗ ಹರಕೊಂಡ್ಹೋತವ್ವಾ? ಬಿಳೀದೋ ಕಂದೋ? ಕಮಲಾಪುರದ ಕಡೆ ಆನೆಸಾಲಿನ ಬಯಲಾಗ ಒಂದಿಷ್ಟು ಎತ್ತು ಮೇಯಾಕತ್ತಿದ್ವು. ಅಲ್ಲೇ ನೋಡು, ಸಿಗತೈತಿ," ಎಂದು ಅರ್ಧ ದಾರಿ ತಾನೇ ಜತೆಗೆ ಬಂದ. ಅಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನ ಕರುಣೆಗೆ ನೀರು ಹೊಯ್ಯುವುದು ಹೇಗೆ?

ಹೀಗೆ ಪಂಪಾವತಿ ಆನೆಸಾಲಿನ ಮುಂದೆ ಬಂದಳು. ಸಾಲಾಗಿ ಗುಮ್ಮಟ, ಒಂದೊಂದು ಗುಮ್ಮಟದ ಕೆಳಗೆ ಒಂದೊಂದು ಆನೆಗೆ ಒಂದೊಂದು ಮನೆ. ಬಾಗಿಲಲ್ಲಿ ನಿಂತರೆ ಅವಳು ಮೂಲೆಯಲ್ಲಿಟ್ಟ ಕೊಡದಷ್ಟಿದ್ದಳು. 'ಆನೆಗೂ ಇಷ್ಟು ಜಾಗ ಕೊಟ್ಟಿದ್ದರು' ಎಂದು ಗಂಗಾವತಿಯ ಅಡುಗೆಮನೆ ನೆನೆದು ಸ್ವಲ್ಪ ಸಿಟ್ಟೂ ಬಂತು. ಆದರೆ ಬಿಸಿಲು ಹಳದಿಗೆ ತಿರುಗುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಕಾಲು ಸೋತಿತ್ತು. ಹರಿಗೋಲು ತಪ್ಪಿದರೆ ಏನು ಗತಿ? ತನ್ನದಿರಲಿ, ಬಾವಿಕಟ್ಟೆಯ ಹೆಂಗಸರ ಮುಖ ಹೇಗೆ ನೋಡುವುದು? ಮೆಟ್ಟಿಲ ಮೇಲೆ ಕೂತವಳಿಗೆ ಅಳು ಬಂದೇಬಿಟ್ಟಿತು.

"ಯಾವೂರವ್ವಾ? ಯಾಕ ಅಳಾಕತ್ತಿ?"

ಬುಟ್ಟಿ ಹೊತ್ತ ಹೆಂಗಸೊಬ್ಬಳು ಎದುರಿಗೆ ನಿಂತಿದ್ದಳು. ಕಮಲಾಪುರದ ಹೊಳಿಯಮ್ಮ, ನೋಡಲು ಬಂದವರಿಗೆ ಬಾಳೆಹಣ್ಣು ಮಾರುವವಳು. ಕೇಳುವ ಮೊದಲೇ ಎರಡು ಹಣ್ಣು ಕೈಗಿಟ್ಟಳು. ಪಂಪಾವತಿ ತಿನ್ನುತ್ತ, ಬಿಕ್ಕುತ್ತ, ಮನೆಯವರಿಂದ ತಪ್ಪಿಸಿಕೊಂಡದ್ದನ್ನು ಹೇಳಿದಳು.

"ಎಲ್ಲಿ ಸೇರೂದಂತ ಹೇಳ್ಯಾರ?"

"ಅದ ಬಾಯಾಗ ಬರಂಗಿಲ್ಲಕ್ಕಾ. ನಮ್ಮ ಮನಿಯವರ ಹೆಸರಿನ್ಯಾಗಿಂದು."

ಹೊಳಿಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಬುಟ್ಟಿ ಕೆಳಗಿಟ್ಟು, ಎರಡೂ ಕೈ ಹಣೆಯ ಪಕ್ಕ ಕೋಡಿನಂತೆ ಎತ್ತಿ ಹಿಡಿದು ಹುಬ್ಬು ಹಾರಿಸಿದಳು. ಪಂಪಾವತಿ ಅಳುವುದನ್ನು ಬಿಟ್ಟು ಜೋರಾಗಿ ತಲೆಯಾಡಿಸಿದಳು.

"ಅಯ್ಯ ನನ ಶಿವನ! ಅವ ನಮ್ಮನ್ಯಾಗೂ ಅದಾನವ್ವಾ!" ಹೊಳಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲಗ್ನಾದಾಗಿಂದ ಅಲ್ಲಿ ಹಣ್ಣು ಮಾರತೀನಿ, ಒಂದಿನ ಆ ಕಟ್ಟಿ ಹೆಸರು ನನ್ನ ಬಾಯಾಗ ಬಂದಿಲ್ಲ. ಏಳು, ಏಳು. ಹೊತ್ತು ಮುಳುಗೂದ್ರೊಳಗ ಮುಟ್ಟಸ್ತೀನಿ."

ಇಬ್ಬರೂ ಬಾಳೆತೋಟದ ಒಳದಾರಿ ಹಿಡಿದು ಹೆಚ್ಚುಕಡಿಮೆ ಓಡಿದರು. ಬಜಾರದ ಕೊನೆಗೆ ಮತಂಗ ಪರ್ವತದ ಬುಡದಲ್ಲಿ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಮಂಟಪ, ಮಂಟಪದಲ್ಲಿ ಗುಡ್ಡದಂಥ ಬಸವಣ್ಣ. ಪಂಪಾವತಿ ಮೆಟ್ಟಿಲು ಹತ್ತಿ ನೋಡಿದಳು. ಅವಳ ಮನೆಯವರು ಯಾರೂ ಇರಲಿಲ್ಲ. ಅಲ್ಲಿ ಕೂತಿದ್ದ ಬಳ್ಳಾರಿ ಕಡೆಯ ಯಾತ್ರಿಕರು, "ಈಗಷ್ಟ ಹೋದ್ರವ್ವಾ. ಒಬ್ಬ ಮುದುಕಪ್ಪ, ಒಬ್ಬಾಕಿ ಮುದುಕಮ್ಮ, ಒಬ್ಬ ಮಗ. ಭಾಳ ಹೊತ್ತು ಕಾದ್ರು. ಹಿರಿಯರ್ನ ಹರಿಗೋಲು ಹತ್ತಿಸಿ ಬಂದು ರಾತ್ರಿಯೆಲ್ಲ ಹುಡುಕತೀನಿ ಅಂದ ಅವ," ಎಂದರು.

ಕಟ್ಟೆಯ ತುದಿಗೆ ಓಡಿ ನೋಡಿದಳು. ದೂರದಲ್ಲಿ, ಹೊಳೆಯ ಕಡೆ ಬಂಡೆಗಳ ನಡುವೆ ಹಾಯ್ದುಹೋಗುವ ದಾರಿಯಲ್ಲಿ ಮಾವನ ಕೆಂಪು ರುಮಾಲು, ಅತ್ತೆಯ ಹಸಿರು ಸೀರೆ, ಹಿಂದೆ ಬುತ್ತಿಯ ಗಂಟು ಹೊತ್ತ ಗಂಡ. ಇನ್ನೊಂದು ತಿರುವಿಗೆ ಬಂಡೆಯ ಮರೆಯಾಗುತ್ತಾರೆ.

"ಏನ್ರೀ!" ಎಂದು ಕೂಗಿದಳು.

ಬಜಾರದಲ್ಲಿದ್ದ ಗಂಡಂದಿರೆಲ್ಲ ತಿರುಗಿ ನೋಡಿದರು. ಅವಳ ಗಂಡನೊಬ್ಬ ನೋಡಲಿಲ್ಲ.

"ಅಕ್ಕಾ, ನೀವರ ಕೂಗ್ರಿ ಹೆಸರು!"

"ನಾ ಹೆಂಗ ಕೂಗಲವ್ವಾ? ನನ್ನ ಗಂಡನ ಆಯುಷ್ಯ ಏನ ಬಿಟ್ಟಿ ಬಿದ್ದೈತೇನು?" ಹೊಳಿಯಮ್ಮ ಅವಳ ಭುಜ ಅಲುಗಿಸಿದಳು. "ನೀನ ಕೂಗು. ಒಡಪು ಹಾಕಿ ಕೂಗು. ಲಗ್ನದಾಗ ಹೇಳಿಲ್ಲೇನು? ಒಡಪಿನ್ಯಾಗ ಹೆಸರು ಬಂದ್ರ ದೋಷಿಲ್ಲ!"

ಹೌದಲ್ಲ! ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ ಗಂಡನ ಹೆಸರು ಕೇಳಿದಾಗ, ಪ್ರಾಸ ಕಟ್ಟಿ ಅದರ ಬಾಲಕ್ಕೆ ಹೆಸರು ಸೇರಿಸಿ ಹೇಳುವುದಕ್ಕೆ ದೇವರೇ ಸಡಿಲು ಬಿಟ್ಟಿದ್ದಾನೆ. ಆದರೆ ಒಡಪು ಪಿಸುಮಾತಿನಲ್ಲಿ, ಸೆರಗು ಕಚ್ಚಿಕೊಂಡು ಹೇಳುವಂಥದು. ಹಂಪಿಯ ಬಜಾರಿಗೆ ಕೇಳುವಂತೆ ಹೇಳುವಂಥದಲ್ಲ. ಮದುವೆಯ ಒಡಪು ಒಂದೂ ನೆನಪಾಗಲಿಲ್ಲ. ರುಮಾಲು ಬಂಡೆಯ ಮರೆಗೆ ಹೋಯಿತು. ಹಸಿರು ಸೀರೆಯೂ ಹೋಯಿತು. ಪಂಪಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಬಂದದ್ದನ್ನು ಎದೆ ತುಂಬ ಉಸಿರೆಳೆದು ಕೂಗಿದಳು:

"ತುಂಗಭದ್ರಿ ನೀರಾಗ ತೇಲತೈತಿ ಹರಿಗೋಲು,
ಹಂಪಿಯೆಲ್ಲಾ ತಿರುಗಿ ಸೋತವು ನನ್ನ ಕಾಲು,
ದೊಡ್ಡಬಸಪ್ಪನೋರ, ನಿಂದರ್ರಿ! ಬುತ್ತಿಯಾಗ ನಂದೂ ಐತಿ ಪಾಲು!"

ಮತಂಗ ಪರ್ವತ ಆ ಹೆಸರನ್ನು ಮತ್ತೊಮ್ಮೆ ಕೂಗಿತು. ಯಾತ್ರಿಕರು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. "ಇನ್ನೊಂದು ಹೇಳವ್ವಾ!" ಎಂದು ಯಾರೋ ಅಂದರು. ಅತ್ತ ದೊಡ್ಡಬಸಪ್ಪ ಗಕ್ಕನೆ ನಿಂತ. ಬುತ್ತಿಯ ಗಂಟು ಬಂಡೆಯ ಮೇಲೆ ಇಟ್ಟು, ಧೋತರ ಎತ್ತಿ ಕಟ್ಟಿ, ಗಂಜಿನ ಸಾಹುಕಾರನೆಂಬುದನ್ನೂ ಮರೆತು ಓಡಿ ಬಂದ.

ಹತ್ತಿರ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಬೈಯುತ್ತಾನೆಂದು ಪಂಪಾವತಿ ತಲೆ ತಗ್ಗಿಸಿದಳು. ಅವನು ಮದುವೆಯಾದಂದಿನಿಂದ ಹೆಂಡತಿಯ ಬಾಯಲ್ಲಿ ಕೇಳದ ಹೆಸರನ್ನು ಪರ್ವತದ ಬಾಯಲ್ಲೂ ಸೇರಿ ಎರಡು ಸಲ ಕೇಳಿದ್ದ. ಸಿಟ್ಟು ಬರಬೇಕೋ ನಗು ಬರಬೇಕೋ ಗೊತ್ತಾಗದೆ ಕಿವಿ ಕೆಂಪಾದವು. "ಗುಡಿ ಮೂರು ಸಲ ಸುತ್ತೀನಿ ನಾ," ಎಂದ ಮೆಲ್ಲಗೆ. "ಕೂಗಿ ಕರೀಬೇಕಂದ್ರ ಅಷ್ಟ ಮಂದ್ಯಾಗ ಹೆಂಡ್ತಿ ಹೆಸರು ಕೂಗೂದು ಹೆಂಗ? ಸಣ್ಣ ದನೀಲೆ ಅಂದೆ."

"ಸಣ್ಣ ದನೀಲೆ ಅಂದ್ರ ನನಗೆಲ್ಲಿ ಕೇಳಬೇಕ್ರಿ?" ಎಂದು ಪಂಪಾವತಿ ನಕ್ಕಳು, ನಗುತ್ತಲೇ ಕಣ್ಣೀರು ಇಳಿಯಿತು.

ಹೊಳಿಯಮ್ಮನಿಗೆ ಕೈ ಮುಗಿದು, ಬುಟ್ಟಿಯ ಹಣ್ಣೆಲ್ಲ ಕೊಂಡು ಹೊರಟರು. ಬಂಡೆಯ ಬಳಿ ಶೇಖರಮ್ಮ ಬುತ್ತಿಯ ಗಂಟು ಬಿಚ್ಚಿ ಕೂತಿದ್ದಳು. ಬೆಳಿಗ್ಗೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಸೊಸೆ ಬರುವವರೆಗೆ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. "ಮೊದಲ ತಿನ್ನು. ಆಮ್ಯಾಲೆ ಬೈತೀನಿ," ಎಂದು ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ಕೊಟ್ಟಳು. ನಾಲ್ವರೂ ನಡೆಯುತ್ತಲೇ ತಿಂದರು. ಹರಿಗೋಲು ಮುಟ್ಟಿದಾಗ ಸೂರ್ಯ ಬಂಡೆಯ ಅಂಚಿಗೆ ಕೂತಿದ್ದ.

ಹೊಳೆಯ ನಡುವೆ ಬರುವವರೆಗೆ ಪಂಪಾವತಿ ತೀರ್ಪಿಗೆ ಕಾಯುವ ಕೈದಿಯಂತೆ ಕೂತಿದ್ದಳು. ದೊಡ್ಡಬಸಪ್ಪ ಗಂಡಸಿನ ಧರ್ಮಕ್ಕೆಂಬಂತೆ ಕೆಮ್ಮಿ ಶುರು ಮಾಡಿದ. "ನಾ ಮೊದಲ ಹೇಳಿದ್ದೆ. ಅಡಚಣಿ ಆತಂದ್ರ ಇದ ಕಡೀ ಅಂತ..."

"ನೀ ಸುಮ್ಮನ ಕುಂದ್ರು," ಎಂದಳು ಶೇಖರಮ್ಮ. ಸೊಸೆಯ ಕಡೆ ತಿರುಗಿದಳು. "ಏನೇನ ನೋಡಿದಿ?"

ಪಂಪಾವತಿ ಹೆದರುತ್ತ ಹೇಳತೊಡಗಿದಳು. ಮೂರು ತಲೆ, ಗುಡ್ಡದ ಮೇಲಿನ ಗಾಳಿ, ಗಣಪ್ಪನ ಹೊಟ್ಟೆ, ನರಸಿಂಹನ ಕಣ್ಣು, ನೀರಿನೊಳಗಿನ ಲಿಂಗ, ಆನೆಗಳ ಮನೆ. ಹೇಳುತ್ತ ಹೇಳುತ್ತ ಹೆದರಿಕೆ ಹೋಗಿ ಕೈ ಬಾಯಿ ಎರಡೂ ಕುಣಿದವು. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ಕೇಳಿದ. ಹರಿಗೋಲು ತನ್ನಷ್ಟಕ್ಕೆ ತಿರುಗುತ್ತಿತ್ತು.

ಶೇಖರಮ್ಮ ದೊಡ್ಡ ನಿಟ್ಟುಸಿರು ಬಿಟ್ಟಳು. "ನಾ ಏನ ನೋಡಿದೆ? ಮುಂಜಾನಿ ಚಾಪಿ ನೋಡಿದೆ. ಮಧ್ಯಾಹ್ನದಿಂದ ಬಸವಣ್ಣನ ಮಾರಿ ನೋಡಕೋತ ಕುಂತೆ. ಅವನರ ಏನ ಮಾತಾಡತಾನು? ತಪ್ಪಿಸಿಕೊಂಡಾಕಿ ಹಂಪಿ ನೋಡಿದಳು. ತಪ್ಪಿಸಿಕೊಳ್ಳದಾಕಿ ಕಲ್ಲಾಗಿ ಕುಂತೆ."

ದೊಡ್ಡಬಸಪ್ಪ ಏನೋ ಹೇಳಲು ಹೋದ. ಶೇಖರಮ್ಮ ಕೈಯೆತ್ತಿ ತಡೆದಳು. ಸೆರಗು ಸರಿಮಾಡಿಕೊಂಡು, ಗಂಡನ ಕಡೆ ನೋಡದೆ, ಹೊಳೆಯ ಕಡೆ ನೋಡುತ್ತ, ಮದುವಣಗಿತ್ತಿಯ ರಾಗದಲ್ಲಿ ಹೇಳಿದಳು:

"ಹೊಳಿಯ ನಡುವ ನಡದೈತಿ ನಮ್ಮ ಸವಾರಿ,
ಒಲಿಯ ಮುಂದ ಕುಂತು ಕುಂತು ಬ್ಯಾಸರಾತು ಭಾರಿ,
ನಂದೆಪ್ಪನೋರ, ಬರೋ ವರ್ಷ ಹಿಡೀರಿ ಇಟಗಿ ಗುಡಿ ದಾರಿ!"

ಅಂಬಿಗನ ಹುಟ್ಟು ಕೈ ಜಾರಿ ನೀರಿಗೆ ಬಿತ್ತು. ಪಂಪಾವತಿ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೊಡ್ಡಬಸಪ್ಪ ಅಪ್ಪನ ಮುಖ ನೋಡಿದ. ನಂದೆಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು, ಮೀಸೆ ಒರೆಸಿಕೊಂಡರು, ಹೆಂಡತಿಯನ್ನು ಒಮ್ಮೆ, ಸೊಸೆಯನ್ನು ಒಮ್ಮೆ ನೋಡಿದರು.

"ಇಟಗಿ ಒಂದ ದಿನದಾಗ ಆಗಂಗಿಲ್ಲ," ಎಂದರು ಗಂಭೀರವಾಗಿ. "ಕುಕನೂರಾಗ ಬೀಗರ ಮನ್ಯಾಗ ಒಂದ ರಾತ್ರಿ ಇರಬೇಕಾಕ್ಕೈತಿ. ಎರಡು ದಿನ ಬೇಕು. ಬಂಡೀಗೆ ಪರದಿ ಕಟ್ಟಬ್ಯಾಡ ಅಂತ ದಂಡಿ ಮುಟ್ಟಿದ ಕೂಡ್ಲೆ ಗ್ಯಾನಪ್ಪಗ ಹೇಳ್ರಿ."